ಕೈ ಬೀಸಿದವರು ಯಾರು?

ಯಜ್ಞಕ್ಕೆ ಸೋಮಲತೆ ಸಿಗದಿದ್ದರೆ ಪೂತೀಕವೆಂಬ ಸಸ್ಯವನ್ನು ಬಳಸಬಹುದು ಎನ್ನುತ್ತದೆ ಶಾಸ್ತ್ರ. ಜೈಮಿನಿಯ ಮೀಮಾಂಸಾಸೂತ್ರದ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ಬದಲಿಗಳ ವಿಚಾರ ಬರುತ್ತದೆ. ದ್ರವ್ಯಕ್ಕೆ ಪ್ರತಿನಿಧಿ ಉಂಟು. ದೇವತೆಗೆ, ಅಗ್ನಿಗೆ, ಮಂತ್ರಕ್ಕೆ, ಕ್ರಿಯೆಗೆ ಇಲ್ಲ. ಫಲ ಪಡೆಯುವ ಯಜಮಾನನಿಗೂ ಇಲ್ಲ.

ಪೌರೋಹಿತ್ಯ ಮಾಡುತ್ತಿದ್ದ ನಮ್ಮಪ್ಪ ಇದನ್ನು ಹೇಳಿಕೊಟ್ಟಾಗ ದ್ರವ್ಯದ ಮಾತು ನನಗೆ ಕೂಡಲೇ ಹಿಡಿಸಿತು. ಭದ್ರಾವತಿಯವರಿಗೆ ಅದು ಹೊಸದಲ್ಲ. 1923ರಲ್ಲಿ ನಮ್ಮೂರ ಕಾರ್ಖಾನೆಯಲ್ಲಿ ಮೊದಲು ಕಬ್ಬಿಣ ಹರಿದದ್ದು ಕಲ್ಲಿದ್ದಲಿನ ಕೋಕ್‌ನಿಂದಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ. ಕಲ್ಲಿದ್ದಲು ದೂರವಿತ್ತು, ಕಾಡು ಹತ್ತಿರವಿತ್ತು. ಕುಲುಮೆ ಬದಲಿಯನ್ನು ಒಪ್ಪಿತು. ಆದರೆ ಕ್ರಿಯೆಗೇಕೆ ಬದಲಿ ಸಲ್ಲದು? ಈ ಪ್ರಶ್ನೆಗೆ ನನಗೊಂದು ದಾರಿ ಕಂಡದ್ದು ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಿಂದ ನಿವೃತ್ತನಾದ ಮೇಲೆ, ಜನ್ನಾಪುರದ ಮನೆಯಲ್ಲಿ ತಂಗಿಯ ಮೊಮ್ಮಗನಿಗೆ ಒಂದು ಆಟ ಹೊಂದಿಸಿಕೊಡುವಾಗ.

ಅಮೆರಿಕದಿಂದ ಬಂದ ನಿಂಟೆಂಡೊ ವೀ ಎಂಬ ಆಟದ ಯಂತ್ರ ಕೆಟ್ಟು ಕೂತಿತ್ತು. ಅದರೊಂದಿಗೆ ಬಂದ ವೀ ಸ್ಪೋರ್ಟ್ಸ್ ಡಿಸ್ಕ್ ಚೆನ್ನಾಗಿತ್ತು. ಹುಡುಗನಿಗೆ ಅದರ ಬೌಲಿಂಗ್ ಬೇಕು. ಹುಟ್ಟಿನಿಂದಲೇ ಅವನ ಬಲಗೈಗೆ ಶಕ್ತಿ ಕಡಿಮೆ. ಆದರೂ ಅದೇ ಕೈಯಿಂದ ಆಡಬೇಕೆಂಬುದು ಅವನ ಹಟ.

ಲ್ಯಾಪ್‌ಟಾಪಿನಲ್ಲಿ ಅಂಥ ಯಂತ್ರವನ್ನು ಅನುಕರಿಸುವ ಡಾಲ್ಫಿನ್ ಎಮ್ಯುಲೇಟರ್ ಹಾಕಿದೆ. 2003ರಲ್ಲಿ ನಿಂಟೆಂಡೊದ ಹಿಂದಿನ ಯಂತ್ರ ಗೇಮ್‌ಕ್ಯೂಬ್‌ಗಾಗಿ ಹುಟ್ಟಿದ ಈ ತಂತ್ರಾಂಶ ಮುಂದೆ ವೀ ಆಟಗಳನ್ನೂ ಆಡಿಸಲು ಕಲಿಯಿತು. ಕೈಯಲ್ಲಿ ಹಿಡಿದು ಬೀಸಿ ಆಡುವ ವೀಯ ಅಸಲಿ ರಿಮೋಟನ್ನು ಬ್ಲೂಟೂತ್‌ನಲ್ಲಿ ಜೋಡಿಸುವುದಾದರೆ ಟೀವಿ ಮೇಲಿಡುವ ಸೆನ್ಸರ್ ಬಾರ್ ಬೇಕಾಗುತ್ತದೆ. ಹೆಸರು ಏನೇ ಇರಲಿ, ಅದರಲ್ಲಿರುವುದು ಅವಗೆಂಪು ದೀಪಗಳು ಮಾತ್ರ. ನೋಡುವ ಕ್ಯಾಮೆರಾ ರಿಮೋಟಿನಲ್ಲಿದೆ. ಎರಡು ಮೇಣದ ಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತದೆ. ಇದು ದ್ರವ್ಯದ ಪ್ರತಿನಿಧಿ, ಇದರಲ್ಲಿ ತಕರಾರಿಲ್ಲ.

ನಮ್ಮಲ್ಲಿ ರಿಮೋಟೂ ಕೆಟ್ಟಿತ್ತು. ಆಗ ಉಳಿಯುವ ದಾರಿ ಎರಡು. ಬೀಸುವಿಕೆ, ಓರೆ, ಅಲುಗಾಟಗಳನ್ನು ಒಂದೊಂದು ಕೀಗೆ ಕೊಡಬಹುದು: ಕೀ ಒತ್ತಿದರೆ ತೋಳು ಬೀಸಿದಾಗ ಬರಬೇಕಾದ ಸಂಖ್ಯೆಗಳನ್ನು ಎಮ್ಯುಲೇಟರ್ ತಾನೇ ಲೆಕ್ಕಹಾಕಿ ಆಟಕ್ಕೆ ಕಳಿಸುತ್ತದೆ. ಇಲ್ಲವೇ ಫೋನಿನ ಚಲನೆಯನ್ನೇ ವೈಫೈ ಮೂಲಕ ತರಬಹುದು.

ಆಟಕ್ಕೆ ಎರಡೂ ಒಂದೇ. ಚಲನೆ ಅಳೆಯುವ ಅಕ್ಸೆಲೆರೋಮೀಟರ್ ಮೇಜಿನ ಮೇಲೆ ಸುಮ್ಮನಿದ್ದಾಗ 1 ಜಿ ತೋರಿಸುತ್ತದೆ, ಬೀಳುವಾಗ ಸೊನ್ನೆ ತೋರಿಸುತ್ತದೆ. ಯಾರು ಹಿಡಿದಿದ್ದಾರೆ, ಏಕೆ ಬೀಸಿದರು ಎಂಬುದು ಅದರ ಅರಿವಿಗೆ ಬಾರದು. ಮಾಪಕದ ಮುಳ್ಳು ತೋರಿಸಿದ್ದನ್ನು ನಂಬುವುದೇ ಜೀವಮಾನವಿಡೀ ನನ್ನ ಕೆಲಸವಾಗಿತ್ತು. ಆದರೂ ಹೇಳುತ್ತೇನೆ, ಕ್ರಿಯೆ ಮುಳ್ಳಿನಲ್ಲಿಲ್ಲ. ದ್ರವ್ಯ ಬದಲಾದರೂ ಮಾಡುವವನು ಉಳಿಯುತ್ತಾನೆ. ಕ್ರಿಯೆಯನ್ನೇ ಬದಲಿಸಿದರೆ ಅವನು ಕರ್ಮದಿಂದ ಹೊರಗುಳಿಯುತ್ತಾನೆ.

ಹಾಗಾದರೆ ಬಲವಿಲ್ಲದವನು ಏನು ಮಾಡಬೇಕು? ಮೀಮಾಂಸಾಸೂತ್ರದ ಅದೇ ಪಾದದ ಆರಂಭದಲ್ಲಿ ಉತ್ತರವಿದೆ. ಫಲ ಬಯಸಿ ಮಾಡುವ ಕಾಮ್ಯಕರ್ಮಕ್ಕೆ ಎಲ್ಲ ಅಂಗಗಳೂ ಪೂರ್ಣವಾಗಿರಬೇಕು. ತಪ್ಪದೆ ಮಾಡಬೇಕಾದ ನಿತ್ಯಕರ್ಮವನ್ನು ಯಥಾಶಕ್ತಿ ಮಾಡಿದರೆ ಸಾಕು. ಕೆಲವು ಅಂಗಗಳು ಬಿಟ್ಟುಹೋದರೂ ಕರ್ಮ ಕೆಡುವುದಿಲ್ಲ. ಮಕ್ಕಳಿಗೆ ಆಟ ನಿತ್ಯಕರ್ಮ ಎಂದೇ ನನ್ನ ನಂಬಿಕೆ.

ಫೋನನ್ನು ಅವನ ಬಲ ಮಣಿಕಟ್ಟಿಗೆ ಕಟ್ಟಿದೆ. ಚೆಂಡು ಹಿಡಿದು ಬಿಡುವ ಗುಂಡಿಯನ್ನು ಎಡಗೈಯ ಕೀಗೆ ಕೊಟ್ಟೆ. ಆಮೇಲೆ ಎಮ್ಯುಲೇಟರಿನಲ್ಲಿ ಒಂದೊಂದು ದಿಕ್ಕಿನ ಚಲನೆಯ ರೇಂಜ್ ಹೆಚ್ಚಿಸುತ್ತ ಹೋದೆ. ಅವನ ಸಣ್ಣ ತೂಗಾಟ ಆಟದೊಳಗೆ ದೊಡ್ಡ ಬೀಸಾಯಿತು, ಚೆಂಡು ಉರುಳಿತು. ದೊಡ್ಡದಾದದ್ದು ಸಂಖ್ಯೆ, ಬೀಸಿದ್ದು ಅವನೇ. ಅದು ಬದಲಿಯಲ್ಲ, ಅವನ ಶಕ್ತಿಯಷ್ಟೂ ಸಂದ ಕ್ರಿಯೆ.

ತೋಳನ್ನು ಅಲುಗಿಸಲೂ ಆಗದವರು ಒಂದು ಕೀಯನ್ನಷ್ಟೇ ಒತ್ತಿದರೆ ಅದೂ ಪೂರ್ಣವೇ. ಮಂಡಿನೋವಿನ ನನ್ನ ತಂಗಿ ಕುರ್ಚಿಯಲ್ಲಿ ಕೂತೇ ಕೈಮುಗಿಯುತ್ತಾಳೆ. ಅದು ಸಾಷ್ಟಾಂಗಕ್ಕಿಂತ ಕಡಿಮೆಯೆಂದು ನಾನು ಒಪ್ಪಲಾರೆ. ಆದರೆ ಬಗ್ಗಬಲ್ಲ ನಾನು ಕುರ್ಚಿಯಿಂದಲೇ ಕೈಮುಗಿದರೆ ಅದು ಪೂರ್ಣವಾಗದು. ಅಳತೆ ಇರುವುದು ಕೊಟ್ಟದ್ದರಲ್ಲಿ ಅಲ್ಲ, ಕೊಡಬಹುದಾಗಿದ್ದೂ ಉಳಿಸಿಕೊಂಡದ್ದರಲ್ಲಿ. ಆದ್ದರಿಂದ ಇಂಥ ಆಟ ಹೊಂದಿಸಿಕೊಡುವವರು ಸೆಟ್ಟಿಂಗ್ಸ್ ತೆರೆಯುವ ಮೊದಲು ಆಡುವವರ ಕೈಯನ್ನು ಗಮನಿಸಬೇಕು: ಅದು ಎಷ್ಟು ಮಾಡಬಲ್ಲದೋ ಅಷ್ಟನ್ನು ಅದಕ್ಕೇ ಬಿಟ್ಟು, ಉಳಿದದ್ದನ್ನು ಮಾತ್ರ ಯಂತ್ರಕ್ಕೆ ಕೊಡಬೇಕು.