ನೀರಿನ ಕಾಯಕ
ಬಾಣಸವಾಡಿಯ ಗೃಹಸ್ಥನು ಮನೆಗೆ ಪಾಯ ತೋಡಿಸುವಾಗ ಕಾಣುವ ಕೆಮ್ಮಣ್ಣು ಒಂದು ಕಾಲಕ್ಕೆ ಕಲ್ಲೇ ಆಗಿದ್ದಿತು. ಅಂಥ ಕಲ್ಲು ಲಾಲ್‌ಬಾಗಿನ ಗುಡ್ಡದಲ್ಲಿ ಇಂದಿಗೂ ಉಂಟು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬಿಸಿಲು ಚಳಿಗಳು ಬಂಡೆಯನ್ನು ಸೀಳಿದುವು. ಮಳೆಯ ನೀರು ಬಿರುಕಿಗಿಳಿದು ಕಲ್ಲಿನ ಸತ್ತ್ವವನ್ನು ಕರಗಿಸಿತು. ಉಳಿದ ಕಬ್ಬಿಣದ ಅಂಶವು ತುಕ್ಕು ಹಿಡಿದು ಮಣ್ಣನ್ನು ಕೆಂಪಾಗಿಸಿತು. ಅದೇ ನೀರು ಇಳಿಜಾರನ್ನು ಕೊರೆದು, ಹಳ್ಳವಾಗಿ ಪೂರ್ವದ ದಕ್ಷಿಣ ಪಿನಾಕಿನಿಯತ್ತ ಹರಿಯಿತು. ಹಿರಿಯರು ಹಳ್ಳಗಳಿಗೆ ಏರಿ ಕಟ್ಟಿ ಕೆರೆ ಮಾಡಿದರು. ಮಿಕ್ಕ ನೀರಿಗೆ ಕೋಡಿಯನ್ನೂ ಬಿಟ್ಟರು. ಇಂದು ಕಾಲುವೆಯನ್ನು ಮುಚ್ಚಿ ಮನೆ ಕಟ್ಟಿದವನು ಮಳೆಗಾಲದಲ್ಲಿ ನೀರನ್ನು ನಿಂದಿಸುತ್ತಾನೆ. ನೀರು ತನ್ನ ಕಾಯಕವನ್ನು ಬಿಟ್ಟಿಲ್ಲ. ಅದರ ದಾರಿಯನ್ನು ಕಸಿದವನು ಮನುಷ್ಯನೇ. ಪರರ ಸೊತ್ತನ್ನು ಬಯಸದಿರುವುದು ಶರಣಧರ್ಮವಾದರೆ, ನೀರಿನ ದಾರಿಯನ್ನು ನೀರಿಗೇ ಬಿಡುವುದೂ ಆ ಧರ್ಮವೇ ಎಂಬುದನ್ನು ಭಕ್ತರು ಅರಿಯಬೇಕು.