ವ್ಯರ್ಥವಾಗುವ ನೀರು

ಸಕಲೇಶಪುರದ ಘಟ್ಟದಲ್ಲಿ ಹುಟ್ಟುವ ಎತ್ತಿನಹೊಳೆ ಭೂಪಟದಲ್ಲಿ ಕೂದಲೆಳೆಯಂಥ ಗೆರೆ. ಕಾಡಿನೊಳಗೆ ಪಶ್ಚಿಮಕ್ಕಿಳಿದು, ಕೆಂಪುಹೊಳೆಯೊಡನೆ ಕೂಡಿ ಗುಂಡ್ಯ ಹೊಳೆಯಾಗಿ, ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ ಮಂಗಳೂರಿನ ಬಳಿ ಕಡಲು ಸೇರುತ್ತದೆ. ಮದುವೆಯಾದ ಹೆಣ್ಣಿನ ಹಾಗೆ ಹೆಸರು ಬದಲಾಯಿಸುತ್ತಲೇ ಹೋಗುತ್ತದಲ್ಲ ಟೀಚರ್, ಎಂದಿದ್ದಳು ತರಗತಿಯ ಹುಡುಗಿಯೊಬ್ಬಳು.

ಈ ಹೊಳೆ ಮತ್ತು ಅಕ್ಕಪಕ್ಕದ ಹೊಳೆಗಳ ಮಳೆಗಾಲದ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಹರಿಸುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಲೆಕ್ಕ ಸುಮಾರು 24 ಟಿಎಂಸಿ. ಸಮುದ್ರಕ್ಕೆ ಹೋಗಿ ವ್ಯರ್ಥವಾಗುವ ನೀರು ತಾನೆ, ಎನ್ನುತ್ತಾರೆ.

ಈ 'ವ್ಯರ್ಥ' ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಅಳಿವೆಯಲ್ಲಿ ಹೊಳೆಯ ನೀರು ಕಡಲಿನ ಉಪ್ಪನ್ನು ಹಿಂದಕ್ಕೆ ತಳ್ಳುತ್ತದೆ, ಘಟ್ಟದ ಸಾರವನ್ನು ಮೀನಿನ ಮರಿಗಳಿಗೆ ಒಯ್ಯುತ್ತದೆ. ದಿನವಿಡೀ ದುಡಿದೂ 'ಮನೆಯಲ್ಲಿ ಸುಮ್ಮನಿದ್ದಾಳೆ' ಎನಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಆದರೆ ಸಾವಿರ ಅಡಿಯ ಕೊಳವೆಬಾವಿಯಿಂದ ಬಂದ ಫ್ಲೋರೈಡ್ ನೀರು ಕುಡಿಸಿ, ಮಗುವಿನ ಹಲ್ಲು ಕಂದುಗಟ್ಟುವುದನ್ನು ನೋಡುವ ಕೋಲಾರದ ತಾಯಿಯ ಎದುರು ಮೀನಿನ ಮಾತೆತ್ತಲು ನನಗೆ ನಾಲಿಗೆ ಏಳದು. ಅವಳ ಬಾಯಾರಿಕೆಯೂ ನಿಜವೇ. ಹಾಗಾಗಿ ಕೊಡಲೇಬಾರದು ಎನ್ನಲಾರೆ. ಕೊಡುವುದಾದರೆ 'ಹೆಚ್ಚಾದದ್ದು' ಎಂದು ಕೊಡಬಾರದು, ಅಷ್ಟೆ. ಕೆಳಗಿನ ಊರುಗಳ ಪಾಲಿನಿಂದ ತೆಗೆದದ್ದು ಎಂದು ಬಾಯಿಬಿಟ್ಟು ಹೇಳಿದರೆ, ತೆಗೆದುಕೊಳ್ಳುವವರೂ ಮೊದಲು ತಮ್ಮ ಕೆರೆಗಳ ಹೂಳಿನ ಲೆಕ್ಕ ಕೊಡಬೇಕಾಗುತ್ತದೆ. ಕೋಲಾರ ಸೀಮೆಯಲ್ಲಿ ಹಿರಿಯರು ಕಟ್ಟಿಸಿದ ಕೆರೆಗಳು ಸಾವಿರಾರಿವೆ.