ರಕ್ತವೂ ಪೌರತ್ವವೂ

ತಂದೆಯ ಹೊಲಮನೆಗಳು ಮಕ್ಕಳಿಗೆ ಸಲ್ಲುವಂತೆ ಅವನ ಪೌರತ್ವವೂ ಸಲ್ಲುವುದೆಂಬುದು ಅನೇಕ ರಾಷ್ಟ್ರಗಳ ಶಾಸನ. ಮಗು ಪರದೇಶದಲ್ಲಿ ಹುಟ್ಟಿದರೂ ಈ ಹಕ್ಕು ಅದನ್ನು ಅರಸಿಕೊಂಡು ಹೋಗುತ್ತದೆ. ಆದರೆ ಯಾರ ಮಗುವೆಂಬುದನ್ನು ನಿರ್ಣಯಿಸುವುದು ರಕ್ತವೊ, ಸಾಕುವ ಕೈಯೊ?

2016ರಲ್ಲಿ ಕೆನಡಾ ದೇಶದಲ್ಲಿ ನಡೆದ ಸಂಗತಿಯೊಂದು ಈ ಪ್ರಶ್ನೆಯನ್ನು ನಿಷ್ಠುರವಾಗಿ ಮುಂದಿಟ್ಟಿತು. ಅಲ್ಲಿಯ ಕಾನೂನಿನಂತೆ ವಿವಾಹಿತರಾದ ಇಬ್ಬರು ಪುರುಷರಲ್ಲಿ ಒಬ್ಬನು ಅಮೆರಿಕದ ಪೌರ, ಇನ್ನೊಬ್ಬನು ಇಸ್ರೇಲಿನವನು. ಅವರಿಗಾಗಿ ಒಬ್ಬ ಸ್ತ್ರೀಯು ಗರ್ಭವನ್ನು ಧರಿಸಿ ಅವಳಿ ಗಂಡುಮಕ್ಕಳನ್ನು ಹೆತ್ತಳು. ಒಂದು ಮಗು ಅಮೆರಿಕದವನ ಬೀಜದಿಂದ, ಮತ್ತೊಂದು ಇಸ್ರೇಲಿನವನ ಬೀಜದಿಂದ ಆದುದು. ಗರ್ಭವೊಂದೇ, ಜನನಗಳ ನಡುವಣ ಅಂತರ ಕೆಲವೇ ನಿಮಿಷ, ಕೆನಡಾದ ಕಾನೂನಿಗೆ ಇಬ್ಬರೂ ಆ ಎರಡು ಶಿಶುಗಳ ತಂದೆಯರು. ಅಮೆರಿಕದ ದೂತಾವಾಸದವರು ಡಿಎನ್‌ಎ ಪರೀಕ್ಷೆಯನ್ನು ಕೇಳಿದರು. ಒಬ್ಬನನ್ನು ಪೌರನೆಂದು ಒಪ್ಪಿ ಅವನ ಒಡಹುಟ್ಟಿದವನನ್ನು ಪರಕೀಯನೆಂದು ನಿರಾಕರಿಸಿದರು. ಕುಟುಂಬವು ಅಮೆರಿಕಕ್ಕೆ ಹೋದಾಗ ಒಂದೇ ತೊಟ್ಟಿಲಿನ ಮಕ್ಕಳಲ್ಲಿ ಒಬ್ಬನು ಸ್ವದೇಶಕ್ಕೆ ಬಂದವನು, ಮತ್ತೊಬ್ಬನು ಪ್ರವಾಸಿ!

ಅಧಿಕಾರಿಗಳ ಶಂಕೆಯು ನಿರಾಧಾರವೆಂದು ನಾನು ಹೇಳಲಾರೆ. ಕಾಗದದ ಮೇಲೆ ತಂದೆಯಾಗುವುದು ಸುಲಭ. ಮಕ್ಕಳನ್ನು ಮಾರುವವರೂ ಕೊಳ್ಳುವವರೂ ಲೋಕದಲ್ಲಿದ್ದಾರೆ. ರಕ್ತಕ್ಕೆ ಸುಳ್ಳಾಡಲು ಬಾರದು, ನಿಜ. ಆದರೆ ಅದು ನುಡಿಯುವ ಸತ್ಯವಾದರೂ ಎಷ್ಟು? ಬೀಜ ಯಾರದೆಂಬುದಷ್ಟೆ. ರಾತ್ರಿಯಲ್ಲಿ ಅಳುವ ಕೂಸಿಗಾಗಿ ಏಳುವವರಾರು, ಅದರ ಅನ್ನಕ್ಕೂ ವಿದ್ಯೆಗೂ ಹೊಣೆ ಯಾರು ಎಂಬುದನ್ನು ರಕ್ತವು ಹೇಳದು. ಒಂದು ನಾಡಿನ ನಡೆನುಡಿಗಳೂ ಋಣಗಳೂ ಮಗುವಿಗೆ ಬರುವುದು ಸಾಕುವ ಕೈಯಿಂದ. ಸರ್ಕಾರವು ಪ್ರಮಾಣವನ್ನು ಕೇಳುವುದಾದರೆ ಈ ಹೊಣೆಯ ಪ್ರಮಾಣವನ್ನು ಕೇಳಲಿ.

ನಮ್ಮ ಧರ್ಮಶಾಸ್ತ್ರಕಾರರು ರಕ್ತಸಂಬಂಧವನ್ನು ಲಘುವಾಗಿ ಎಣಿಸಿದವರಲ್ಲ. ಆದರೂ ಮನುವು ಹನ್ನೆರಡು ಬಗೆಯ ಪುತ್ರರನ್ನು ಎಣಿಸುವಾಗ ದಾಯಕ್ಕೂ ಬಾಂಧವ್ಯಕ್ಕೂ ಅರ್ಹರಾದವರ ಸಾಲಿನಲ್ಲಿ ಔರಸನೊಡನೆ ದತ್ತಕನನ್ನೂ ಇಟ್ಟನು. ದತ್ತಕನಿಗೆ ಹುಟ್ಟಿದ ಮನೆಯ ಗೋತ್ರವೂ ಆಸ್ತಿಯೂ ಸಲ್ಲವೆಂದನು. (ಹೆಣ್ಣುಮಕ್ಕಳು ಆ ಎಣಿಕೆಯಲ್ಲಿ ಕಾಣದಿರುವುದು ಬೇರೆಯ ಮಾತು.) ವಿವಾಹವು ಯಾರನ್ನು ತೋರಿಸುವುದೊ ಅವನೇ ತಂದೆಯೆಂಬುದು ರೋಮನರ ನ್ಯಾಯಸೂತ್ರ.

ಆ ಶಿಶುವಿನ ವ್ಯಾಜ್ಯದಲ್ಲಿ 2019ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯವೂ 2020ರಲ್ಲಿ ಮೇಲಿನ ನ್ಯಾಯಾಲಯವೂ ಅವನು ಹುಟ್ಟಿನಿಂದಲೇ ಅಮೆರಿಕದ ಪೌರನೆಂದು ತೀರ್ಪಿತ್ತವು; ವಿವಾಹಿತರ ಮಗುವಿಗೆ ರಕ್ತಸಂಬಂಧದ ನಿಬಂಧನೆಯು ಶಾಸನದ ಮಾತುಗಳಲ್ಲಿ ಇರಲೇ ಇಲ್ಲ. 2021ರಲ್ಲಿ ಸರ್ಕಾರವು ತಾನೇ ನಿಯಮವನ್ನು ಸಡಿಲಿಸಿತು. ಆದರೆ ದಂಪತಿಗಳಲ್ಲಿ ಒಬ್ಬರಾದರೂ ಬೀಜದಿಂದಲೊ ಗರ್ಭದಿಂದಲೊ ಮಗುವಿಗೆ ಸಂಬಂಧಿಸಿರಬೇಕೆಂಬ ನಿಬಂಧನೆಯು ಉಳಿಯಿತು.

ಇವೊಂದೂ ಇಲ್ಲದ ದತ್ತು ಮಗುವಿನ ಗತಿಯೇನು? 2000ದಲ್ಲಿ ಆದ ಅಮೆರಿಕದ ಶಾಸನವು, ಪೌರರ ದತ್ತು ಮಗುವು ಅವರೊಡನೆ ಆ ದೇಶದಲ್ಲಿಯೇ ವಾಸವಾಗಿದ್ದರೆ ಪೌರತ್ವವು ತಾನಾಗಿ ಬರುವುದೆಂದಿತು. ಪರದೇಶದಲ್ಲಿರುವ ಮಗುವಿಗೆ ಸಾಮಾನ್ಯವಾಗಿ ಅರ್ಜಿ ಸಲ್ಲಿಸಿಯೇ ಅದನ್ನು ಪಡೆಯಬೇಕು. ಶಾಸನವು 2001ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಹದಿನೆಂಟು ತುಂಬಿದ್ದವರು ಹೊರಗುಳಿದರು. ಕೊರಿಯಾದಿಂದ ಶೈಶವದಲ್ಲಿ ತರಲ್ಪಟ್ಟು ಅಮೆರಿಕದ ಮನೆಗಳಲ್ಲಿ ಬೆಳೆದವರು, ಮುಂದೆ ಯಾವುದೊ ಅಪರಾಧದ ನಿಮಿತ್ತ, ತಮಗೆ ನುಡಿಯೂ ತಿಳಿಯದ ಆ ಹುಟ್ಟುನಾಡಿಗೆ ಗಡೀಪಾರಾದುದುಂಟು. ಅದೇ ಅಪರಾಧವನ್ನು ಅದೇ ಮನೆಯ ಔರಸಪುತ್ರನು ಮಾಡಿದ್ದರೆ, ಶಿಕ್ಷೆಯನ್ನನುಭವಿಸಿ ಮನೆಗೆ ಮರಳುತ್ತಿದ್ದನು.